ಮೂಗಿನ ಅಳತೆ

ನಮ್ಮ ಮನೆತನದವರ ಮೂಗು ಚಪ್ಪಟೆ. ತಾತನದು ಹಾಗಿತ್ತು, ತಂದೆಯದು ಹಾಗಿತ್ತು, ನನ್ನದೂ ಹಾಗೆಯೇ ಇದೆ. ಚಿನಕುರಳಿಯ ಶಾಲೆಯಲ್ಲಿ ಓದುತ್ತಿದ್ದಾಗ ಇದರಿಂದ ನನಗೊಂದು ಅಡ್ಡಹೆಸರೂ ಬಂದಿತ್ತು. ಅದನ್ನಿಲ್ಲಿ ಬರೆದರೆ ನನ್ನ ವಿದ್ಯಾರ್ಥಿಗಳು ಮರಳಿ ಚಲಾವಣೆಗೆ ತಂದಾರೆಂಬ ಭಯದಿಂದ ಬರೆಯುವುದಿಲ್ಲ. ಕನ್ನಡಿಗರಿಗೆ ಮೂಗಿನ ಮೇಲೆ ವಿಶೇಷ ಮಮತೆಯೋ ಏನೋ! ಮೂಗು ಮುರಿಯುವುದು, ಮೂಗು ತೂರಿಸುವುದು, ಮೂಗಿನ ಮೇಲೆ ಬೆರಳಿಡುವುದು, ಮೂಗಿಗೆ ತುಪ್ಪ ಸವರುವುದು, ಹೀಗೆ ಬಾಳಿನ ಅರ್ಧ ವ್ಯವಹಾರವನ್ನು ಆ ಒಂದು ಅಂಗದ ಮೇಲೆ ಹೊರಿಸಿದ್ದೇವೆ. ನುಡಿಗಟ್ಟುಗಳ ಪಾಠ ಬಂದಾಗಲೆಲ್ಲ ಈ ಪಟ್ಟಿಯನ್ನು ನಾನು ಕರಿಹಲಗೆಯ ಮೇಲೆ ಬರೆಯುವುದುಂಟು. ಆದರೆ ಇನ್ನೂ ಹುಟ್ಟದ ಮಗುವೊಂದರ ಮೂಗಿನ ಎಲುಬನ್ನು ಅಳೆದು, ಆ ಅಳತೆಗಾಗಿ ಒಂದು ಕುಟುಂಬ ಹತ್ತು ದಿನ ನಿದ್ದೆಗೆಟ್ಟೀತೆಂದು ನಾನು ಎಣಿಸಿರಲಿಲ್ಲ.

೨೦೨೩ರ ನವೆಂಬರ್ ತಿಂಗಳ ಮಾತು. ನನ್ನ ಅಕ್ಕನ ಮಗಳು ಐದು ತಿಂಗಳ ಬಸುರಿ, ಚೊಚ್ಚಲು. ಅಕ್ಕ ಇರುವುದು ಚಿನಕುರಳಿಯಲ್ಲಿ, ಮಗಳನ್ನು ಕೊಟ್ಟಿರುವುದು ಮೈಸೂರಿಗೆ. ಒಂದು ಸಂಜೆ ಹುಡುಗಿ ಗಂಡನೊಡನೆ ನಮ್ಮ ಮನೆಗೆ ಬಂದು, ದೊಡ್ಡ ಲಕೋಟೆಯೊಂದನ್ನು ನನ್ನ ಮುಂದಿಟ್ಟು, “ಮಾವ, ಇದರಲ್ಲಿ ಏನು ಬರೆದಿದೆ ಸರಿಯಾಗಿ ಓದಿ ಹೇಳಿ” ಎಂದಳು. ಮನೆಯಲ್ಲೊಬ್ಬ ಎಂ.ಎ. ಮಾಡಿದವನಿದ್ದರೆ ಅವನು ಎಲ್ಲವನ್ನೂ ಓದಬಲ್ಲನೆಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಸ್ಕ್ಯಾನಿಂಗ್ ವರದಿಯದು. ಮಗುವಿನ ತಲೆ, ತೊಡೆಯೆಲುಬು, ಹೃದಯದ ನಾಲ್ಕು ಕೋಣೆಗಳು, ಎಲ್ಲವೂ ಸರಿ. ಒಂದು ಸಾಲಿನ ಕೆಳಗೆ ಮಾತ್ರ ಪೆನ್ನಿನಲ್ಲಿ ಗೆರೆ ಎಳೆದಿತ್ತು. ಮೂಗಿನ ಎಲುಬು ೨.೪ ಮಿಲಿಮೀಟರ್, ಆ ತಿಂಗಳಿಗೆ ಇರಬೇಕಾದುದಕ್ಕಿಂತ ಕಡಿಮೆ, ಮುಂದಿನ ಪರೀಕ್ಷೆ ಅಗತ್ಯ.

ಎರಡು ರಾಗಿಕಾಳುಗಳನ್ನು ಒಂದರ ಪಕ್ಕ ಒಂದಿಟ್ಟರೆ ಅದಕ್ಕಿಂತ ಹೆಚ್ಚೇ ಆದೀತು. ಇಷ್ಟು ಪುಟ್ಟ ಎಲುಬಿನಿಂದ ಏನು ತಿಳಿಯುತ್ತದೆ?

ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ವೈದ್ಯರು ಇದನ್ನು ಓದಿದರೆ ಕನ್ನಡ ಮೇಷ್ಟರ ವೈದ್ಯಕವನ್ನು ಮನ್ನಿಸಬೇಕು. ೧೮೬೬ರಲ್ಲಿ ಲ್ಯಾಂಗ್ಡನ್ ಡೌನ್ ಎಂಬ ಆಂಗ್ಲ ವೈದ್ಯ ಬುದ್ಧಿಮಾಂದ್ಯರಾದ ಕೆಲವು ಮಕ್ಕಳ ಮುಖಗಳು ಒಂದನ್ನೊಂದು ಹೋಲುವುದನ್ನು ಕಂಡು ಬರೆದ. ಓರೆಯಾದ ಕಣ್ಣು, ಚಪ್ಪಟೆ ಮುಖ, ಚಿಕ್ಕ ಮೂಗು. ಇವರು ಮಂಗೋಲರನ್ನು ಹೋಲುತ್ತಾರೆಂದು ಒಂದು ಇಡೀ ಜನಾಂಗದ ಹೆಸರನ್ನೇ ರೋಗದ ಹೆಸರಾಗಿ ಇಟ್ಟುಬಿಟ್ಟ. ಮಂಗೋಲಿಯದವರು ಆಕ್ಷೇಪಿಸಿ, ೧೯೬೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಹೆಸರನ್ನು ಕೈಬಿಡುವವರೆಗೆ ಅದು ನಡೆಯಿತು; ಈಗ ಆ ಸ್ಥಿತಿಗೆ ಡೌನ್‌ನ ಹೆಸರೇ ನಿಂತಿದೆ. ವಿಧಿಯ ವಿಚಿತ್ರವೆಂದರೆ, ೧೯೦೫ರಲ್ಲಿ ಹುಟ್ಟಿದ ಅವನ ಸ್ವಂತ ಮೊಮ್ಮಗನೊಬ್ಬನಿಗೆ ಅದೇ ಸ್ಥಿತಿ ಇತ್ತು. ಕಾರಣ ತಿಳಿದದ್ದು ೧೯೫೯ರಲ್ಲಿ: ಜೀವಕಣದಲ್ಲಿ ೪೬ ಇರಬೇಕಾದ ವರ್ಣತಂತುಗಳು ಇವರಲ್ಲಿ ೪೭ ಇರುತ್ತವೆ, ಇಪ್ಪತ್ತೊಂದನೆಯದು ಎರಡರ ಬದಲು ಮೂರು, ಎಂದು ಫ್ರಾನ್ಸಿನ ಲೆಜ್ಯೂನ್ ಮತ್ತು ಅವರ ಜೊತೆಗಾರರು ತೋರಿಸಿದರು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೆ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಶಬ್ದದ ಅಲೆಗಳಿಂದ ಗರ್ಭದೊಳಗನ್ನು ಕಾಣುವ ವಿಧಾನವನ್ನು ಪ್ರಕಟಿಸಿದ್ದ. ಈ ಎರಡು ದಾರಿಗಳು ಮುಂದೆ ಬಂದು ಕೂಡಿದ್ದು ಮಗುವಿನ ಮೂಗಿನ ಮೇಲೆ. ಇಂಥ ಮಕ್ಕಳಲ್ಲಿ ಮೂಗಿನ ಎಲುಬು ಗಟ್ಟಿಯಾಗುವುದು ತಡ. ಎಷ್ಟೋ ಸಲ ಗಿಡ್ಡವಾಗಿ ಉಳಿಯುತ್ತದೆ.

ಮೂರನೆಯ ತಿಂಗಳಿನಲ್ಲಿ ನೋಡುವಾಗ ಮಗುವಿನ ಮುಖ ಸರಿಯಾಗಿ ಪಕ್ಕಕ್ಕೆ ಕಾಣುವಂತೆ ಹಿಡಿಯಬೇಕಂತೆ. ಆಗ ಮೂಗಿನ ಜಾಗದಲ್ಲಿ ಎರಡು ಪುಟ್ಟ ಬಿಳಿಗೆರೆಗಳು ಒಂದರ ಕೆಳಗೊಂದು ಕಾಣುತ್ತವೆ, ಮೇಲಿನದು ಚರ್ಮ, ಕೆಳಗಿನದು ಎಲುಬು, ಗಣಿತದ ಸಮಚಿಹ್ನೆಯ ಹಾಗೆ. ಕೆಳಗಿನ ಗೆರೆ ಕಾಣದಿದ್ದರೆ ಅನುಮಾನ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ನಿಕೊಲೈಡ್ಸ್ ಮತ್ತು ಸಂಗಡಿಗರು ೨೦೦೧ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಡೌನ್ ಸ್ಥಿತಿಯಿದ್ದ ೫೯ ಶಿಶುಗಳಲ್ಲಿ ೪೩ರ ಮೂಗಿನ ಎಲುಬು ಕಾಣಲಿಲ್ಲ. ವರ್ಣತಂತುಗಳು ಸರಿಯಿದ್ದ ೬೦೩ರಲ್ಲಿ ೩ರದು ಮಾತ್ರ ಕಾಣಲಿಲ್ಲ. ಕೇಳಿದೊಡನೆ ಇದು ತೀರ್ಪಿನಂತೆಯೇ ತೋರುತ್ತದೆ. ನನಗೂ ಹಾಗೆಯೇ ತೋರಿತು. ಆದರೆ ಸ್ವಲ್ಪ ಕೂಡಿ ಕಳೆದು ನೋಡಿ. ಸಾವಿರ ಬಸುರಿಗಳಲ್ಲಿ ಒಬ್ಬಳ ಮಗುವಿಗೆ ಈ ಸ್ಥಿತಿಯಿದೆ ಎಂದಿಟ್ಟುಕೊಳ್ಳೋಣ. ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಅದಕ್ಕೂ ಕಡಿಮೆಯೇ. ಆ ಒಂದು ಮಗುವಿನ ಎಲುಬು ಬಹುಶಃ ಕಾಣದು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಕ್ಕಳಲ್ಲಿ ಇನ್ನೂರಕ್ಕೆ ಒಂದರಂತೆ ಐದರ ಎಲುಬೂ ಕಾಣದು. ಹೀಗೆ ಅನುಮಾನಕ್ಕೆ ಸಿಕ್ಕಿದ ಆರರಲ್ಲಿ ಐದು ಮಕ್ಕಳಿಗೆ ಡೌನ್ ಇರುವುದೇ ಇಲ್ಲ! ಆದ್ದರಿಂದಲೇ ವೈದ್ಯರು ತಾಯಿಯ ವಯಸ್ಸು, ಕತ್ತಿನ ಹಿಂದಿನ ನೀರಿನ ದಪ್ಪ, ರಕ್ತಪರೀಕ್ಷೆ ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಕೊನೆಗೆ ಗರ್ಭದ ನೀರನ್ನೇ ತೆಗೆದು ವರ್ಣತಂತುಗಳನ್ನು ಎಣಿಸಿದ ಮೇಲಷ್ಟೇ ಹೌದು ಅಲ್ಲ ಎನ್ನುತ್ತಾರೆ. ಅಲ್ಲದೆ ಮೂಗಿನ ಅಳತೆ ಜನಾಂಗದಿಂದ ಜನಾಂಗಕ್ಕೆ ಬೇರೆ. ಒಂದು ದೇಶದ ಕೋಷ್ಟಕವನ್ನು ಇನ್ನೊಂದು ದೇಶದ ಮಗುವಿಗೆ ಹಾಗೆಯೇ ಹಿಡಿಯಲಾಗದು. ಚಿನಕುರಳಿಯ ಚಪ್ಪಟೆ ಮೂಗುಗಳಿಗೆ ಯಾರೂ ಕೋಷ್ಟಕ ಮಾಡಿಲ್ಲ.

ಈ ಲೆಕ್ಕವನ್ನು ನಾನು ಆಗಲೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಮಾಡಲಿಲ್ಲ. ಗರ್ಭದ ನೀರನ್ನು ಪರೀಕ್ಷೆಗೆ ಕಳಿಸಿ ಫಲಿತಾಂಶಕ್ಕೆ ಕಾದ ಹತ್ತು ದಿನಗಳಲ್ಲಿ ನಾನು ಮಾಡಿದ್ದು ಬೇರೆ ಲೆಕ್ಕ. ೧೯೭೧ರ ಗರ್ಭಪಾತದ ಕಾಯಿದೆ, ಅದಕ್ಕೆ ೨೦೨೧ರಲ್ಲಿ ಆದ ತಿದ್ದುಪಡಿ, ೨೦ ವಾರದವರೆಗೆ ಏನು, ೨೪ರವರೆಗೆ ಏನು, ಅದರಾಚೆಗೆ ವೈದ್ಯಮಂಡಳಿಯ ಒಪ್ಪಿಗೆ ಹೇಗೆ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಯಾರು ಕೇಳಿದರೂ ವಿವರಿಸುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆಂದೇ ನನ್ನ ಭಾವನೆ. ಹುಡುಗಿಯ ಅತ್ತೆ, “ಇನ್ನೂ ಚಿಕ್ಕ ವಯಸ್ಸು, ಮುಂದೆ ಬೇಕಾದಷ್ಟು ಮಕ್ಕಳಾಗುತ್ತವೆ” ಎನ್ನುತ್ತಿದ್ದರು; ಕೆಟ್ಟ ಹೆಂಗಸಲ್ಲ, ಜನ ಏನೆಂದಾರೆಂಬ ಹೆದರಿಕೆ. ಗಂಡ ಮಾತನಾಡುತ್ತಿರಲಿಲ್ಲ. ಅಕ್ಕ ಮೇಲುಕೋಟೆಯ ಚೆಲುವನಾರಾಯಣನಿಗೆ ಹರಕೆ ಹೊತ್ತಳು. ಒಂದು ದಿನ ನಾನು ವಾರಗಳ ವಿಚಾರ ಹೇಳುತ್ತಿದ್ದಾಗ ಹುಡುಗಿ ತಲೆಯೆತ್ತಿ, “ಮಾವ, ನೀವೆಲ್ಲ ವಾರ ಎಣಿಸುತ್ತಿದ್ದೀರಿ. ಅದು ನಿನ್ನೆಯಿಂದ ಒದೆಯುತ್ತಿದೆ” ಎಂದಳು. ಮುಂದಿನ ಮಾತು ನನಗೆ ತೋಚಲಿಲ್ಲ.

ಅದೇ ವಾರ ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಯ ಸುದ್ದಿ ಬರುತ್ತಿತ್ತು. ಬೆಂಗಳೂರಿನ ಪೊಲೀಸರು ಹಿಡಿದ ಒಂದು ತಂಡದ ಜಾಡು ಹಿಡಿದು ಹೋದಾಗ ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದುದು ಹೊರಬಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು ೯೦೦ ಗರ್ಭಗಳನ್ನು ತೆಗೆಸಿದ್ದರೆಂದು ಪೊಲೀಸರು ಹೇಳಿದರು. ಆಲೆಮನೆಯೆಂದರೆ ನಮಗೆ ಬಾಲ್ಯದ ಸ್ವರ್ಗ. ಕೊಪ್ಪರಿಗೆಯ ಪಾಕದ ವಾಸನೆ, ಬಿಸಿಬೆಲ್ಲಕ್ಕೆ ಚಾಚಿದ ಕೈಗಳು, ಒಣಗಲು ಹರಡಿದ ರಚ್ಚು. ಅಲ್ಲಿ ಈ ಕೆಲಸ! ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಕೆಂಡಕಾರಿದೆವು. ನನ್ನ ದನಿಯೇ ಎಲ್ಲರಿಗಿಂತ ಜೋರಾಗಿತ್ತೆಂದು ಜ್ಞಾಪಕ. ಬಸ್ಸಿನಲ್ಲಿ ಮನೆಗೆ ಬರುವಾಗ ಚಿಲ್ಲರೆಗೆಂದು ಜೇಬಿಗೆ ಕೈಹಾಕಿದೆ. ಆ ಚೀಟಿ ಕೈಗೆ ಬಂತು.

ಆಲೆಮನೆಯಲ್ಲಿದ್ದುದೂ ಅದೇ ಯಂತ್ರ, ನಮ್ಮ ಹುಡುಗಿಯ ಹೊಟ್ಟೆಯ ಮೇಲೆ ಆಡಿದ್ದೂ ಅದೇ ಯಂತ್ರ. ೧೯೯೪ರಲ್ಲಿ ಮಾಡಿ ೧೯೯೬ರ ಜನವರಿಯಿಂದ ಜಾರಿಗೆ ಬಂದ ಕಾಯಿದೆ ಲಿಂಗವನ್ನು ತಿಳಿಸುವುದು ಅಪರಾಧ ಎನ್ನುತ್ತದೆ. ವರ್ಣತಂತುಗಳ ದೋಷವನ್ನು ಹುಡುಕುವುದಕ್ಕೆ ಅದೇ ಕಾಯಿದೆ ಅನುಮತಿ ಕೊಡುತ್ತದೆ. ಕಾನೂನಿಗೆ ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು, ಅದು ಎಳೆದಿದೆ. ಆದರೆ ನನ್ನ ಮನಸ್ಸಿಗೆ ಆ ಗೆರೆ ಯಾವುದರ ಮೇಲೆ ನಿಂತಿದೆ?

ಜೀವವೆಲ್ಲ ಒಂದೇ, ಎರಡೂ ಪಾಪ ಎಂದುಬಿಡುವುದು ಒಂದು ಸುಲಭವಾದ ಉತ್ತರ. ನನ್ನಿಂದ ಆಗದು. ಡೌನ್ ಸ್ಥಿತಿಯ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಹೊತ್ತು ಹೆತ್ತು, ರಾತ್ರಿಯೆಲ್ಲ ಎತ್ತಿಕೊಂಡು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾದವಳು ತಾಯಿ. ಅವಳು ಯೋಚಿಸಿ, ನನ್ನ ಕೈಲಾಗದು ಎಂದರೆ ಅವಳನ್ನು ಪಾಪಿಯೆನ್ನಲು ನಾನು ಯಾರು? ಸಾಯಂಕಾಲ ಕಾಫಿ ಕುಡಿದು ಪತ್ರಿಕೆಗೆ ಬರೆಯುವವನು.

ಹೆಣ್ಣಾಗಿರುವುದು ರೋಗವಲ್ಲ, ಇದು ರೋಗ, ಎರಡಕ್ಕೂ ಹೋಲಿಕೆಯೇ ಸಲ್ಲದು ಎಂಬುದು ಇನ್ನೊಂದು ಉತ್ತರ. ಬಹುಕಾಲ ನಾನಿದನ್ನೇ ನಂಬಿದ್ದೆ. ಆದರೆ ಆಲೆಮನೆಗೆ ಹೋದವರ ಬಾಯಿಂದ ಏನು ಬರುತ್ತದೆಂದು ನಮ್ಮ ಕಡೆಯವನಾದ ನನಗೆ ಗೊತ್ತು. ಹೆಣ್ಣನ್ನು ದ್ವೇಷಿಸುತ್ತೇವೆಂದು ಯಾರೂ ಹೇಳುವುದಿಲ್ಲ. “ಹುಟ್ಟಿ ಏನು ಸುಖ ಪಟ್ಟಾಳು? ವರದಕ್ಷಿಣೆಗೆ ಎಲ್ಲಿಂದ ತರೋಣ? ಕೊಟ್ಟ ಮನೆಯಲ್ಲಿ ಗೋಳಾಡುವುದಕ್ಕಿಂತ ಈಗಲೇ ಹೋಗಲಿ” ಎನ್ನುತ್ತಾರೆ. ಅಂದರೆ ಕರುಣೆ! ಆ ಗೋಳು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದನ್ನು ಮಾಡಿಟ್ಟವರು ನಾವು. ನಾವೇ ಮಾಡಿದ ದುಃಖವನ್ನು ಮಗುವಿನ ತಲೆಗೆ ಕಟ್ಟಿ, ಅದನ್ನೇ ಕಾರಣವೆಂದು ತೋರಿಸುವುದರಲ್ಲಿ ಆಲೆಮನೆಯ ಅನ್ಯಾಯವೆಲ್ಲ ಅಡಗಿದೆ. ಇಲ್ಲಿಯವರೆಗೆ ಬಂದ ಮೇಲೆ ಮೂಗಿನ ಎಲುಬಿನ ಮಗುವಿನ ವಿಷಯದಲ್ಲಿಯೂ ಕೇಳಬೇಕಾಯಿತು: ಇದರ ಮುಂದಿನ ದುಃಖದಲ್ಲಿ ವರ್ಣತಂತುವಿನ ಪಾಲೆಷ್ಟು, ನಮ್ಮ ಪಾಲೆಷ್ಟು? ೧೯೮೩ರ ಸುಮಾರಿಗೆ ಅಮೆರಿಕದಲ್ಲಿ ಇಂಥವರ ಸರಾಸರಿ ಆಯುಸ್ಸು ೨೫ ವರ್ಷ. ಈಗ ಅಲ್ಲಿ ಸುಮಾರು ೬೦. ಇಪ್ಪತ್ತೊಂದನೆಯ ವರ್ಣತಂತು ಬದಲಾಗಿಲ್ಲ. ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು, ಕೂಡಿಹಾಕುವ ಆಶ್ರಮಗಳಿಂದ ಮನೆಗೆ ಕರೆತಂದರು, ಶಾಲೆಗೆ ಸೇರಿಸಿದರು. ಹಾಗಾದರೆ ಮೊದಲು ಕಳೆದುಹೋದ ಆ ಮೂವತ್ತೈದು ವರ್ಷಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ತಕ್ಕಡಿಗೆ ಹಾಕುವ ಮೊದಲು ನಮ್ಮ ಪಾಲನ್ನು ಕಳೆಯಬೇಕಲ್ಲವೆ? ಕಳೆದ ಮೇಲೂ ಭಾರ ಉಳಿಯುತ್ತದೆ, ಒಪ್ಪುತ್ತೇನೆ. ಅದನ್ನು ತೂಗಬೇಕಾದವಳು ತಾಯಿ. ನಮ್ಮ ಮನೆಯಲ್ಲಿ ಕಳೆಯಲೂ ಇಲ್ಲ, ತಾಯಿಯನ್ನು ಕೇಳಲೂ ಇಲ್ಲ; ಕೇಳದೆಯೇ ನಾವೆಲ್ಲ ತೂಗಿಬಿಟ್ಟಿದ್ದೆವು.

ನಮ್ಮ ಸೀಮೆಯ ಒಂದು ಹಳೆಯ ಕಥೆ ನೆನಪಾಗುತ್ತದೆ. ೧೭೯೨ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಜೊತೆಗಿದ್ದ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಕೆಲಕಾಲದ ಮೇಲೆ ಪುಣೆಯ ಕಡೆ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನೇ ಇಳಿಸಿ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದು ಚಿತ್ರಸಹಿತ ಅಚ್ಚಾಗಿ, ಯುರೋಪಿನ ವೈದ್ಯರು ಈ ವಿದ್ಯೆಯನ್ನು ಕಲಿತರು. ಕೈ ಹೋದದ್ದರಿಂದ ಅವನಿಗೆ ದುಡಿಮೆಯ ನಷ್ಟ. ಮೂಗು ಹೋದದ್ದರಿಂದ ಜನರ ಎದುರು ನಿಲ್ಲುವ ಮುಖವೇ ಹೋಗುತ್ತಿತ್ತು. ಕತ್ತರಿಸಿದವರಿಗೆ ಅದು ಗೊತ್ತಿದ್ದೇ ಕತ್ತರಿಸಿದ್ದರು. ನಮ್ಮ ಹತ್ತು ದಿನದ ಭಯದಲ್ಲಿಯೂ ಮಗುವಿನ ಉಸಿರಿಗಿಂತ ನಮ್ಮ ಮುಖದ ಚಿಂತೆ ಹೆಚ್ಚಿತ್ತೆಂದು ಈಗ ಅನ್ನಿಸುತ್ತದೆ.

ಆ ದಿನಗಳಲ್ಲಿಯೇ ಒಂದು ರಾತ್ರಿ ಈ ಸ್ಥಿತಿಯ ಬಗ್ಗೆ ಓದುತ್ತ ಕುಳಿತಿದ್ದೆ. ಅಲ್ಲಿ ಕೆಲವು ಮುಖಗಳ ಚಿತ್ರಗಳಿದ್ದವು. ಬೇರೆ ಬೇರೆ ದೇಶದವರು. ನೋಡುತ್ತ ನೋಡುತ್ತ ಎದೆ ಧಸಕ್ಕೆಂದಿತು. ಅದು ನನ್ನ ಗೆಳೆಯನ ಮುಖ. ಚಿನಕುರಳಿಯಲ್ಲಿ ನಮ್ಮ ಬೀದಿಯವನು, ನನ್ನ ಓರಗೆಯವನು. ಮೂರನೆಯ ತರಗತಿಯವರೆಗೆ ನನ್ನ ಪಕ್ಕದಲ್ಲಿಯೇ ಕುಳಿತಿದ್ದ. ಮಾತು ತೊದಲು, ಮಗ್ಗಿ ಬಾರದು. ಆದರೆ ಊರಿಗೆ ಬರುವ ಬಸ್ಸುಗಳ ಹೊತ್ತು ಕಂಡಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಹಸು ಮೇಯಿಸಿಕೊಂಡು ಬರುತ್ತಾನೆ, ಕಬ್ಬಿನ ಸೋಗೆ ಹೊರುತ್ತಾನೆ, ಊರಿನ ಯಾವ ಮದುವೆಯನ್ನೂ ಯಾವ ಸಾವನ್ನೂ ತಪ್ಪಿಸಿದವನಲ್ಲ. ‘ಪಾಪದವನು’ ಎಂದು ಎಲ್ಲರೂ ಕರೆಯುತ್ತಿದ್ದೆವು. ಅವನ ಸ್ಥಿತಿಗೆ ಒಂದು ಹೆಸರಿದೆಯೆಂದು ನನಗೆ ಆ ರಾತ್ರಿಯವರೆಗೆ ಹೊಳೆದೇ ಇರಲಿಲ್ಲ. ಕಾಯಿದೆಯ ವಾರಗಳನ್ನು ಎಣಿಸುವಾಗ ನಾನು ಎಣಿಸುತ್ತಿದ್ದುದು ಅವನನ್ನು.

ಭಾನುವಾರ ಊರಿಗೆ ಹೋದೆ. ಅವನ ತಾಯಿಗೆ ಎಂಬತ್ತು ಸಮೀಪಿಸಿದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸಂಗತಿಯನ್ನೆಲ್ಲ ಹೇಳಿದೆ.

“ಮೂಗ್ ಅಳೆದ್ರಾ? ಒಟ್ಟೇಲಿರೋ ಮೊಗೀಂದಾ?” ಎಂದು ನಕ್ಕಳು.

ಸ್ವಲ್ಪ ಹೊತ್ತು ಬಿಟ್ಟು, ಕೇಳಬಾರದ ಮಾತನ್ನು ಕೇಳಿದೆ. “ಇವನು ಹೊಟ್ಟೆಯಲ್ಲಿದ್ದಾಗ ನಿನಗೆ ಹೀಗೆ ಹೇಳಿದ್ದಿದ್ದರೆ ಏನು ಮಾಡುತ್ತಿದ್ದೆ, ದೊಡ್ಡವ್ವ?”

‘ದೇವರು ಕೊಟ್ಟ ಮಗು’ ಎನ್ನುತ್ತಾಳೆಂದು ನನ್ನ ನಿರೀಕ್ಷೆ. ಲೇಖನಕ್ಕೆ ಅದು ಒಪ್ಪುವ ಮಾತೂ ಹೌದು. ಅವಳು ಹಾಗೆ ಹೇಳಲಿಲ್ಲ.

“ನನ್ನ ಯಾರ್ ಕೇಳೋರು ಕಣ್ ಮಗ? ತಗ್ಸು ಅಂದಿದ್ರೆ ತಗ್ಸ್ತಿದ್ದೆ, ಇಟ್ಕೊ ಅಂದಿದ್ರೆ ಇಟ್ಕೊತಿದ್ದೆ. ಇವನ್ನ ಸಾಕಿದ್ದೇನ್ ಕಷ್ಟ ಅಲ್ಲ ಬುಡು. ನಾನ್ ಒಂಟೋದ್ ಮ್ಯಾಕೆ ಇವ್ನಿಗೆ ಇಟ್ಟಿಕ್ಕೋರ್ ಯಾರು? ಅದ ಹೇಳು. ನಿಮ್ ಮಿಷಿನ್ನು ಅದ ಅಳೀತದಾ?”

ಅವನು ಒಳಗಿಂದ ಬಂದು ನನ್ನ ಚಪ್ಪಲಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿಟ್ಟ. ತಲೆ ಪೂರ್ತಿ ನರೆತಿದೆ. ಈಚೆಗೆ ಹಸುವಿನ ಜೊತೆ ಹೋದವನು ಕೆಲವು ಸಲ ದಾರಿ ಮರೆಯುತ್ತಾನಂತೆ. ಇಂಥವರಿಗೆ ನಲವತ್ತು ದಾಟಿದ ಮೇಲೆ ಮರೆವು ಬೇಗ ಆವರಿಸುತ್ತದೆಂದು ನಾನು ಓದಿದ್ದೆ. ಅವಳಿಗೆ ಹೇಳಲಿಲ್ಲ.

ಮಂಗಳವಾರ ಫಲಿತಾಂಶ ಬಂತು. ವರ್ಣತಂತುಗಳು ೪೬. ಅಕ್ಕ ಅತ್ತಳು, ಅಳಿಯ ಅತ್ತ, ನಾನು ಹೋಗಿ ಒಂದು ಸೇರು ಮೈಸೂರುಪಾಕು ತಂದೆ. ಹುಡುಗಿ ಒಂದು ಚೂರು ಬಾಯಿಗೆ ಹಾಕಿಕೊಂಡು ಒಳಗೆ ಹೋಗಿ ಮಲಗಿದಳು. ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊತ್ತ ಮೂಟೆ ಇಳಿಸಿದಂತಾಯಿತು. ಆದರೆ ಮೂಟೆಯಲ್ಲಿ ಇದ್ದವನು ಯಾರೆಂದು ಈಗ ನನಗೆ ತಿಳಿದಿತ್ತು. ಮೈಸೂರುಪಾಕಿನ ಪೊಟ್ಟಣ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬಾಗಿಲಲ್ಲಿಯೇ ನಿಂತಿದ್ದೆ.

ಡೆನ್ಮಾರ್ಕಿನಲ್ಲಿ ೨೦೦೪ರಿಂದ ಎಲ್ಲ ಬಸುರಿಯರಿಗೂ ಈ ಪರೀಕ್ಷೆಯ ಅವಕಾಶವಿದೆ. ಅಲ್ಲಿ ಡೌನ್ ಸ್ಥಿತಿಯ ಮಕ್ಕಳು ಹುಟ್ಟುವುದು ಬಹಳ ಇಳಿದಿದೆ. ಯಾರ ಬಲಾತ್ಕಾರವೂ ಇಲ್ಲ, ಒಂದೊಂದು ಮನೆಯೂ ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿತು. ಇಂಥವರು ಕಡಿಮೆಯಾದಷ್ಟೂ ಉಳಿದವರಿಗೆ ಶಾಲೆಯಲ್ಲಿ ಜೊತೆ, ಬೀದಿಯಲ್ಲಿ ಪರಿಚಯ ಕಡಿಮೆಯಾಗುತ್ತ ಹೋಗುವುದಿಲ್ಲವೆ? ಆಗ ಮುಂದಿನ ತಾಯಿಯ ಭಯ ಇನ್ನೂ ಹೆಚ್ಚುತ್ತದೆ, ಅಷ್ಟೇ ನ್ಯಾಯವಾಗಿ.

ಮಗು ೨೦೨೪ರ ಏಪ್ರಿಲ್‌ನಲ್ಲಿ ಹುಟ್ಟಿತು. ಹೆಣ್ಣು. ಮೇ ತಿಂಗಳಲ್ಲಿ ಚಿನಕುರಳಿಯಲ್ಲಿ ನಾಮಕರಣ. ಅದೇ ತಿಂಗಳು ನಮ್ಮ ಪಾಂಡವಪುರದಲ್ಲಿಯೇ, ಆರೋಗ್ಯ ಇಲಾಖೆಯ ವಸತಿಗೃಹವೊಂದರಲ್ಲಿ ಹೆಣ್ಣುಭ್ರೂಣದ ಹತ್ಯೆ ನಡೆಯುತ್ತಿದ್ದುದು ಬಯಲಿಗೆ ಬಂದು ಕೆಲವರ ಬಂಧನವಾಗಿತ್ತು. ಪಂಕ್ತಿಯಲ್ಲಿ ಕುಳಿತವರೆಲ್ಲ ಅದನ್ನೇ ಮಾತಾಡಿಕೊಳ್ಳುತ್ತಿದ್ದರು. ಮೊಸರನ್ನ ಬರುವ ಹೊತ್ತಿಗೆ ಕಬ್ಬಿನ ದರಕ್ಕೆ ಹೊರಳಿಕೊಂಡರು. ಊಟವಾದ ಮೇಲೆ ದೊಡ್ಡವ್ವ ಮಗನ ಕೈಹಿಡಿದು ಬಂದು ತೊಟ್ಟಿಲಿಗೆ ಬಗ್ಗಿದಳು. “ಅಯ್ಯ, ನಿಮ್ಮನೆ ಮೂಗೆ ಕಣ್ರವ್ವ” ಎಂದಳು. ಅವನು ತನ್ನ ಮೂಗನ್ನೂ ಮಗುವಿನ ಮೂಗನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಹುಡುಗಿ ಮಗುವನ್ನೆತ್ತಿ ಅವನ ತೊಡೆಯ ಮೇಲಿಟ್ಟಳು. ಅವಳ ಅತ್ತೆ ಒಂದು ಹೆಜ್ಜೆ ಮುಂದೆ ಬಂದು, ಮತ್ತೆ ನಿಂತರು.

ಹೊರಡುವಾಗ ದೊಡ್ಡವ್ವ ಸೆರಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಮುಕ್ಕಾಲು ಎಕರೆ ಗದ್ದೆಯನ್ನು ಮೈದುನನ ಮಗನ ಹೆಸರಿಗೆ ಬರೆಯಲು ಮಾಡಿಸಿದ ಉಯಿಲಿನ ಕರಡು. ಅವನು ಒಳ್ಳೆಯವನೆಂದೂ, ಇವನನ್ನು ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದಾನೆಂದೂ ಹೇಳಿದಳು. “ಸರ್ಯಾಗ್ ಬರ್ದವ್ರಾ ನೋಡಪ್ಪ, ನೀನ್ ಓದ್ದೋನು” ಎಂದಳು. ನಾಲ್ಕು ಎಲ್ಲೆಗಳು ಸರಿಯಾಗಿದ್ದವು. ಸರ್ವೆ ನಂಬರಿತ್ತು. ನಾಲೆಯ ನೀರಿನ ಹಕ್ಕೂ ಇತ್ತು. ಎರಡು ಸಲ ಓದಿದೆ. ಅವನ ಹೆಸರು ಎಲ್ಲಿಯೂ ಇರಲಿಲ್ಲ.

ಇಲ್ಲವೆಂದು ಹೇಳಿದೆ. ೧೯೯೯ರ ಒಂದು ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಸಮಿತಿಯ ಮುಂದೆ ಅರ್ಜಿ ಹಾಕಿ ಇಂಥವರಿಗೆ ಪೋಷಕರನ್ನು ನೇಮಿಸಿಕೊಳ್ಳಬಹುದೆಂದೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಂಗಾರೆ ಬರ್ಸು” ಎಂದಳು. ನಾನು ಅಲ್ಲಿಯೇ ಜಗಲಿಯ ಮೇಲೆ ಕುಳಿತು, ಕರಡಿನ ಬೆನ್ನಿಗೆ ಅವನ ಪೂರ್ತಿ ಹೆಸರು ಬರೆದುಕೊಂಡೆ. ಶಾಲೆಯ ಹಾಜರಿ ಕರೆಯುವಾಗ ಕೇಳಿದ್ದು. ಅದಾದ ಮೇಲೆ ಅದನ್ನು ಯಾರೂ ಪೂರ್ತಿಯಾಗಿ ಕರೆದದ್ದನ್ನು ನಾನು ಕೇಳಿಲ್ಲ. ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದು, ಮೈಸೂರಿನ ಬಸ್ಸಿಗೆ ಇನ್ನು ಹತ್ತು ನಿಮಿಷವಿದೆ ಎಂದ.